ಒಂದೊಂದೇ ಬೀಳುವ ಬೆಳಕು

ತೊಂದರೆ ಶುರುವಾದದ್ದು ಒಂದು ದೀಪದಿಂದ.

ಭೇರ್ಯದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದ ಮಾದೇಶ, 2004ರ ಜನವರಿಯ ಆ ಬೆಳಿಗ್ಗೆ, ಮೈಸೂರಿನಿಂದ ಒಂದು ಕಪ್ಪು ಪೆಟ್ಟಿಗೆಯನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಒಳಗಿದ್ದದ್ದು ಅರೆವಾಹಕದ ಕ್ವಾಂಟಮ್ ಚುಕ್ಕೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಕೆಣಕಿದರೆ ಬೆಳಕಿನ ಒಂದೇ ಒಂದು ಕಣ, ಅಂದರೆ ಫೋಟಾನು, ಹೊರಬೀಳುತ್ತದೆ. ಅದು ಹೋದ ಮೇಲೆಯೇ ಇನ್ನೊಂದು. ಪ್ರತಿ ಕಣಕ್ಕೂ ಯಂತ್ರ 'ಟಿಕ್' ಅನ್ನಬೇಕು. ಅಷ್ಟು ತೋರಿಸಿದರೆ ಹಳೆಯ ಗುರು ಪ್ರೊಫೆಸರ್ ನಂಜುಂಡಸ್ವಾಮಿ ಮೈಸೂರಿನ ತಮ್ಮ ಲ್ಯಾಬಿನಲ್ಲಿ ಸಂಶೋಧನೆಗೆ ಸೀಟು ಕೊಡುವವರಿದ್ದರು. ಆರು ವರ್ಷದಿಂದ ಮಾದೇಶ ಕಾಯುತ್ತಿದ್ದುದು ಅದಕ್ಕೇ.

ಯಂತ್ರಕ್ಕೆ ಕಗ್ಗತ್ತಲು ಬೇಕು. ಸಭಾಂಗಣದ ಕಿಟಕಿಗಳಿಗೆ ಕಂಬಳಿ ಹೊಡೆಸಿ, ಫ್ಯಾನು ನಿಲ್ಲಿಸಿ, ಯಂತ್ರದ ಪುಟ್ಟ ಕೆಂಪು ದೀಪಕ್ಕೂ ಕಪ್ಪು ಟೇಪು ಅಂಟಿಸಿದ್ದ. ಅಷ್ಟರಲ್ಲಿ ಪ್ರಿನ್ಸಿಪಾಲ್ ಶಿವಶಂಕರ ಹಿತ್ತಾಳೆಯ ದೀಪದ ಕಂಬ ಹೊರಿಸಿಕೊಂಡು ಬಂದರು.

"ಸಾರ್, ಇವತ್ತೊಂದಿನ ದೀಪ ಬೇಡ."

"ದೀಪ ಅಚ್ದೆ ಯಾವ ಫಂಕ್ಷನ್ ಶುರುವಾಯ್ತದ್ರೀ? ಅದೂ ಬೆಳಕಿನ ಮ್ಯಾಲೆ ಭಾಷಣ!"

ಮುಖ್ಯ ಅತಿಥಿಯಾಗಿ ಬಂದಿದ್ದ ಪ್ರೊಫೆಸರು ಐದೂ ಬತ್ತಿ ಬೆಳಗಿಸಿದರು. ಮಾದೇಶ ಆರಿಸಲು ಬಾಗಿದ್ದೇ ತಡ, ಅಟೆಂಡರ್ ಪುಟ್ಟತಾಯಮ್ಮ ಅಡ್ಡ ಬಂದಳು.

"ಅಚ್ಚಿದ್ ದೀಪ ಊದ್ತಾರಾ? ಅದೇನ್ ಓದಿದ್ದೀರೋ ಕಾಣೆ! ಇತ್ತ ಕೊಡಿ, ಸ್ಟೋರ್ ರೂಮಲ್ಲಿ ಮಡಗಿ ನಾನೇ ಕಾಯ್ತೀನಿ."

ದೀಪ ವೇದಿಕೆಯ ಹಿಂದಿನ ಕೋಣೆಗೆ ಹೋಯಿತು. ಬಾಗಿಲಿಗೆ ಎರಡು ಕಂಬಳಿ ಬಿತ್ತು.

ಮಾದೇಶ ಸ್ವಿಚ್ಚು ಒತ್ತಿದ. ಯಂತ್ರ ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಪಟ ಸಿಡಿಯತೊಡಗಿತು. ಎಲ್ಲಿಂದಲೋ ಬೆಳಕು ನುಸುಳುತ್ತಿತ್ತು.

"ಇದೇನ್ರೀ ಒಗ್ಗರಣೆ?" ಎಂದರು ಪ್ರಿನ್ಸಿಪಾಲರು. ಹುಡುಗರು ಗೊಳ್ಳೆಂದರು.

ಮಾದೇಶ ಕತ್ತಲಲ್ಲಿ ತಡಕಾಡುತ್ತಾ ಸಂದುಗಳಿಗೆ ಟವಲು ತುರುಕಿದ, ಪ್ರೊಫೆಸರಿಗೆ ಹೊದಿಸಿದ್ದ ಶಾಲನ್ನೂ ಕಿತ್ತು ತುರುಕಿದ. ಥಟ್ಟನೆ ಸದ್ದು ನಿಂತಿತು. ಆಮೇಲೆ, ಟಿಕ್. ಸ್ವಲ್ಪ ಬಿಟ್ಟು, ಟಿಕ್.

ಇಡೀ ಸಭೆ ಉಸಿರು ಬಿಗಿಹಿಡಿದು ಕೇಳಿತು. ಮಾದೇಶನ ಕಣ್ಣು ತುಂಬಿ ಬಂತು. ಹುಟ್ಟಿದಂದಿನಿಂದ ಸೂರ್ಯ ಮೊರಗಟ್ಟಲೆ ಸುರಿಯುತ್ತಿರುವ ಬೆಳಕೂ ಕೊನೆಗೆ ಹೀಗೇ, ಎಣಿಸಬಹುದಾದ ಕಾಳು ಕಾಳು. ಅದನ್ನು ಭೇರ್ಯದಲ್ಲಿ ಕೂತು ಕೇಳುತ್ತಿದ್ದೇನಲ್ಲ ಅನ್ನಿಸಿತು.

ಹತ್ತು ನಿಮಿಷದ ಮೇಲೆ ಕಂಬಳಿ ಸರಿಸಿದಾಗ ಪ್ರೊಫೆಸರು ಬಂದು ತಬ್ಬಿಕೊಂಡರು.

"ಎರಡು ಒಟ್ಟಿಗೆ ಒಂದ್ಸಲವೂ ಬೀಳಲಿಲ್ಲ ಕಣಯ್ಯ! ನಮ್ಮ ಲ್ಯಾಬಲ್ಲೂ ಇಷ್ಟು ಶುದ್ಧವಾಗಿ ಬಂದಿಲ್ಲ. ಸೋಮವಾರ ಕಮಿಟಿ ಮುಂದೆ ಇದನ್ನೇ ತೋರಿಸು, ಸೀಟು ನಿಂದು."

ಮಾದೇಶ ಸಂತೋಷ ಹಂಚಿಕೊಳ್ಳಲು ಹಿಂದಿನ ಕೋಣೆಗೆ ಓಡಿದ. ಪುಟ್ಟತಾಯಮ್ಮ ದೀಪದ ಮುಂದೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಒಂದೊಂದೇ ಕಾಳನ್ನು ದೀಪಕ್ಕೆ ಹಿಡಿದು ನೋಡಿ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದಳು. ಟಿಕ್. ಟಿಕ್.

"ಮುಗೀತಾ ಸಾರ್? ಕರೆಂಟ್ ಇಲ್ದೆ ಅದೆಂಗ್ ಮಾಡುದ್ರಿ?"

"ಕರೆಂಟ್ ಯಾವಾಗ ಹೋಯ್ತು?"

"ನಿಮ್ ಒಗ್ಗರಣೆ ಸದ್ದು ನಿಂತ್ತಲ್ಲ, ಆಗ್ಲೇ. ಇಲ್ಲಿ ಬಲ್ಬೂ ಓಯ್ತು. ಸುಮ್ಕೆ ಯಾಕ್ ಕೂರಾದು ಅಂತ ಇದ ಸುಲೀತಾ ಕೂತೆ."

ಮಾದೇಶ ಅಲ್ಲೇ ಕುಸಿದು ಕೂತು, ಸಭೆ ಕೇಳಿದ್ದ ಟಿಕ್ಕಿನ ವಿಷಯವನ್ನೂ ಸೋಮವಾರದ ವಿಷಯವನ್ನೂ ಒಂದೂ ಬಿಡದೆ ಹೇಳಿದ. ಅವಳು ಕಾಳು ಬಿಡುವುದನ್ನು ನಿಲ್ಲಿಸಿ ಯೋಚಿಸಿದಳು.

"ಅದ್ಕ್ಯಾಕ್ ಅಂಗ್ ಕೂತ್ರಿ ಸಾರ್? ಸೋಮಾರ ನಾನೂ ಬತ್ತೀನಿ ಬುಡಿ. ಆದ್ರೆ ಆ ಮೈಸೂರ್ನೋರ್ಗೆ ಯೇಳ್ಬುಡಿ, ದೀಪ ಮಾತ್ರ ಅಚ್ಲೇಬೇಕು. ಕತ್ಲಲ್ಲಿ ನಂಗೆ ಕಾಳೊಳ್ಗಿನ ಉಳ ಕಾಣಕಿಲ್ಲ."