ನಮ್ಮತ್ತೆಯ ಏಕವಚನ

ನಮ್ಮತ್ತೆಗೆ ಬೈಸ್ಕೊಳ್ಳೋದು ಅಂದ್ರೆ ಪಂಚಪ್ರಾಣ! ನಗಬೇಡಿ. ಕೆಲವರಿಗೆ ಬೆಳಗ್ಗೆ ಕಾಫಿ ಬೇಕು, ಕೆಲವರಿಗೆ ಪೇಪರ್ ಬೇಕು, ನಮ್ಮತ್ತೆಗೆ ಯಾರಾದ್ರೂ ಮುಖಮೂತಿ ಗೊತ್ತಿಲ್ಲದೋರು ಬೈಬೇಕು. ಅದೂ ಹೇಗೆ ಬೇಕೋ ಹಾಗಲ್ಲ, ಏಕವಚನದಲ್ಲಿ ಬೈಬೇಕು! "ನೀವು ದಡ್ಡರು" ಅಂದ್ರೆ ಅವರ ಮುಖ ಬಾಡಿಹೋಗುತ್ತೆ. "ನೀನು ದಡ್ಡ" ಅಂದ್ರೆ ಅವತ್ತು ಮನೇಲಿ ಶಾವಿಗೆ ಪಾಯಸ. ಇಂಥೋರು ನಿಮ್ಮ ವಂಶದಲ್ಲಿ ಇದಾರಾ? ನಮ್ಮಲ್ಲಿ ಇದಾರೆ.

ಅತ್ತೆ ಅಂದ್ರೆ ನಮ್ಮಪ್ಪನ ಅಕ್ಕ. ಮದುವೆ ಆಗ್ಲಿಲ್ಲ. ನೋಡೋಕೆ ಬಂದ ಗಂಡಿಗೆ, "ಆಕಾಶ ಯಾಕೆ ನೀಲಿ ಹೇಳಿ?" ಅಂತ ಕೇಳಿದ್ರಂತೆ. ಅವನು "ದೇವರ ಇಚ್ಛೆ" ಅಂದನಂತೆ. ಮುಗೀತು ಕಥೆ. ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಟ್ಟು ಹೇಳ್ಕೊಟ್ಟು ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದ್ರು. ಜೆ.ಪಿ. ನಗರದಲ್ಲಿ, ಸಾರಕ್ಕಿ ಮಾರ್ಕೆಟ್ ಹಿಂದಿನ ರಸ್ತೇಲಿ ಮನೆ. ಆ ಏರಿಯಾದಲ್ಲಿ ಸೊಪ್ಪು ಮಾರೋರಿಂದ ಹಿಡಿದು ಪೊಲೀಸ್ನೋರ ತನಕ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸ್ಕೊಂಡೋರೇ. ಹಾಗಾಗಿ ಎಲ್ಲರೂ "ಮಿಸ್, ನೀವು."

ನಮ್ಮಪ್ಪನೂ ಅಷ್ಟೇ! ಸ್ವಂತ ತಮ್ಮ. ಆದ್ರೆ ಪಾಪ, ಎಂಟನೇ ಕ್ಲಾಸಲ್ಲಿ ಅತ್ತೆಯೇ ಟೀಚರು. ಮೊದಲನೇ ದಿನ "ಅಕ್ಕಾ, ನೀನು ಹೇಳಿದ್ದು ಅರ್ಥ ಆಗ್ಲಿಲ್ಲ" ಅಂತ ಎದ್ದು ನಿಂತಿದ್ದಕ್ಕೆ ಡಸ್ಟರ್ ಹಾರಿ ಬಂತಂತೆ. ಅವತ್ತು ಬಾಯಿಗೆ ಬಂದ "ನೀವು" ಮನೆಗೆ ಬಂದ್ಮೇಲೂ ಹೋಗ್ಲಿಲ್ಲ, ಅಪ್ಪನ ತಲೆ ಬೋಳಾದ್ಮೇಲೂ ಹೋಗ್ಲಿಲ್ಲ. ಅಪ್ಪನೇ ನೀವು ಅಂದ್ಮೇಲೆ ಅಮ್ಮನೂ ನೀವು, ನಾನೂ ನೀವು.

ಇಡೀ ಬೆಂಗಳೂರಲ್ಲಿ ಅವರನ್ನ ಏಕವಚನದಲ್ಲಿ ಕರೆಯೋ ಧೈರ್ಯ ಇದ್ದದ್ದು ಒಬ್ರಿಗೇ. ಅವರಮ್ಮ, ಅಂದ್ರೆ ನಮ್ಮಜ್ಜಿ. ಹೆಡ್‌ಮಿಸ್ಟ್ರೆಸ್ ಸ್ಕೂಲಿಂದ ಬಂದು ಇನ್ನೂ ಚಪ್ಪಲಿ ಬಿಡ್ತಿರೋವಾಗ್ಲೇ ಒಳಗಿಂದ ಕೂಗು: "ಎಲ್ಲಿ ಹಾಳಾಗ್ ಹೋಗಿದ್ಯೇ? ಬಾರೇ, ತಟ್ಟೆ ಹಾಕಿದೀನಿ!" ಅಜ್ಜಿ ತೀರಿಕೊಂಡ್ರು. ಆಮೇಲೆ ಆ ಮನೇಲಿ ಉಳಿದಿದ್ದು ಬರೀ ಬಹುವಚನ.

"ಅಕ್ಕನಿಗೆ ಹೊತ್ತು ಹೋಗ್ಬೇಕಲ್ಲ" ಅಂತ ಅಪ್ಪ ಒಂದು ಕಂಪ್ಯೂಟರ್ ತಂದಿಟ್ರು. ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ಕಲಿಸೋ ಕೆಲಸ ನಂಗೆ ಬಿತ್ತು, ಯಾಕಂದ್ರೆ ನಾನು ಇಂಜಿನಿಯರಿಂಗ್ ಓದ್ತಿದ್ದೆ. ಓದ್ತಿದ್ದೆ ಅನ್ನೋದಕ್ಕಿಂತ, ಪಾಸಾಗದ ಸಬ್ಜೆಕ್ಟುಗಳನ್ನ ಸಾಕ್ತಿದ್ದೆ ಅನ್ನಿ. ಬನಶಂಕರಿಯಿಂದ ವಾರಕ್ಕೆರಡು ಸಲ ಹೋಗಿ, ಉಪ್ಪಿಟ್ಟು ತಿಂದು, ಜ್ಞಾನ ಹಂಚಿ ಬರ್ತಿದ್ದೆ.

ನನ್ನ ಜ್ಞಾನ ಎಂಥದ್ದು ಅಂತೀರಾ? ಮೊದಲನೇ ದಿನ ಅತ್ತೆ ಕೇಳಿದ್ರು, "ಎಲ್ಲಾ ದೊಡ್ಡಕ್ಷರದಲ್ಲೇ ಬರ್ತಿದ್ಯಲ್ಲೋ?" ಕ್ಯಾಪ್ಸ್ ಲಾಕ್ ಆನ್ ಆಗಿತ್ತು. ನಂಗದು ಹೊಳೀಲಿಲ್ಲ. "ಅತ್ತೆ, ಕೀಬೋರ್ಡ್ ಮೇಲೆ ದೊಡ್ಡಕ್ಷರ ತಾನೇ ಇರೋದು? ಚಿಕ್ಕಕ್ಷರದ್ದು ಬೇರೆ ತಗೋಬೇಕು" ಅಂದೆ. ನಂಬಿದ್ರು! ಪಾಪ, ಇಂಜಿನಿಯರ್ ಹೇಳಿದ್ದಲ್ವಾ? ತಿಂಗಳುಗಟ್ಟಲೆ ನಮ್ಮತ್ತೆ ಇಡೀ ಇಂಟರ್ನೆಟ್ ಮೇಲೆ ಕಿರುಚ್ತಾ ಇದ್ರು.

ಎಲ್ಲಿ ಕಿರುಚಿದ್ರು ಅಂದ್ರೆ, ಪೇಪರ್‌ಗಳ ವೆಬ್‌ಸೈಟಲ್ಲಿ ಸುದ್ದಿ ಕೆಳಗೆ ಕಾಮೆಂಟ್ ಹಾಕೋ ಜಾಗ ಇರುತ್ತಲ್ಲ, ಅಲ್ಲಿ. ಅಸಲಿ ಹೆಸರು ಬೇಡ ಅಂತ "ನ್ಯೂಟ್ರಾನ್" ಅನ್ನೋ ಹೆಸರಿಟ್ಟಿದ್ದೆ. ಗಂಡೂ ಅಲ್ಲ, ಹೆಣ್ಣೂ ಅಲ್ಲ, ಯಾರ ಪಕ್ಷಾನೂ ಅಲ್ಲ. ಪ್ಲೂಟೋನ ಗ್ರಹಗಳ ಸಾಲಿಂದ ಆಚೆ ಹಾಕಿದ ಸುದ್ದಿ ಬಂದಾಗ ನ್ಯೂಟ್ರಾನ್ ಕೆಂಡವಾದ್ರು. "ಸರ್ವಿಸ್ ಪೂರ್ತಿ ಒಂಬತ್ತು ಗ್ರಹ ಅಂತ ಹೇಳ್ಕೊಟ್ಟಿದೀನಿ. ಎಂಟು ಅಂತ ಬರೆದೋರಿಗೆ ಮಾರ್ಕ್ಸ್ ಕಟ್ ಮಾಡಿದೀನಿ. ಈಗ ಆ ಮಕ್ಕಳನ್ನ ಎಲ್ಲಿ ಹುಡುಕ್ಲೋ?" ಅಂತ ನನ್ನ ಮೇಲೆ ರೇಗಿದ್ರು, ಪ್ಲೂಟೋನ ನಾನೇ ತಳ್ಳಿದ ಹಾಗೆ!

ಅವರ ಕಾಮೆಂಟಿಗೆ ಯಾರೋ ಇಂಗ್ಲಿಷಲ್ಲಿ "ಯೂ ನೋ ನಥಿಂಗ್" ಅಂತ ಉತ್ತರ ಕೊಟ್ಟ. ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿ ಅದನ್ನೇ ನೋಡಿದ್ರು.

"ಲೋ, ಈ 'ಯೂ' ಅಂದ್ರೆ ನೀನು ಅಂತಾನಾ, ನೀವು ಅಂತಾನಾ?"

"ಇಂಗ್ಲಿಷಲ್ಲಿ ಎರಡೂ ಒಂದೇ ಅಲ್ವಾ ಅತ್ತೆ?"

"ಎರಡೂ ಒಂದೇ ಹೇಗಾಗುತ್ತೋ? ಹತ್ತಿರ ಬಂದು ಬೈದನೋ, ದೂರ ನಿಂತು ಬೈದನೋ ಗೊತ್ತಾಗ್ಬೇಡ್ವಾ?"

ಅಷ್ಟಕ್ಕೇ ಬಿಡ್ಲಿಲ್ಲ. "ದಯವಿಟ್ಟು ಏಕವಚನವೋ ಬಹುವಚನವೋ ಸ್ಪಷ್ಟಪಡಿಸಿ" ಅಂತ ಅವನಿಗೇ ಬರೆದ್ರು. ಅವನು "ಆರ್ ಯೂ ಮ್ಯಾಡ್?" ಅಂದ. "ನೋಡು, ಇಲ್ಲೂ ಯೂ ಅಂತಾನೇ ಹಾಕಿದಾನೆ. ತಪ್ಪಿಸ್ಕೋತಾನೆ" ಅಂತ ನಿಟ್ಟುಸಿರು ಬಿಟ್ರು. ಅವತ್ತಿಗೆ ಇಂಗ್ಲಿಷ್ ಸಹವಾಸ ಸಾಕಾಯ್ತು.

ಕನ್ನಡ ಸೈಟಿಗೆ ಬಂದ್ವಿ. ಕನ್ನಡ ಅಂದ್ರೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟೋ ಕನ್ನಡ. ಅಲ್ಲಿ ಹುಡುಗರು "ಹೋಗ್ಲಿ ಬಿಡು ಗುರು" ಅಂದ್ರೆ ಅತ್ತೆ, "ನೋಡ್ದ್ಯಾ, ಹೇಳದಿದ್ರೂ ಗುರು ಅಂತ ಕಂಡುಹಿಡಿದ್ರು!" ಅಂತಿದ್ರು. ಆ ಸೈಟಲ್ಲೇ ಒಂದಿನ ಒಂದು ಘನಂದಾರಿ ವಾಕ್ಯ ಬರೆದ್ರು: ಹಳ್ಳಿಗೂ ವಿಜ್ಞಾನ ಬೇಕು, ಹಳ್ಳಿಗೂ ಕಂಪ್ಯೂಟರ್ ಬೇಕು, ಸರ್ಕಾರ ಹಳ್ಳಿ ಕಡೆ ನೋಡ್ಬೇಕು. ಇಂಗ್ಲಿಷ್ ಅಕ್ಷರದಲ್ಲಿ ಹಳ್ಳಿ ಯಾವುದು, ಹಲ್ಲಿ ಯಾವುದು? ಎರಡಕ್ಕೂ ಅದೇ ಸ್ಪೆಲ್ಲಿಂಗು!

ತಕ್ಷಣ ಒಬ್ಬ ಹಾರಿ ಬಿದ್ದ. ಅವನ ಹೆಸರು "ಗಿರ್ಮಿಟ್". ಹುಬ್ಬಳ್ಳಿ ಕಡೆ ಹುಡುಗ, ಬಿ.ಟಿ.ಎಂ. ಲೇಔಟಲ್ಲಿ ರೂಮ್ ಮಾಡ್ಕೊಂಡಿದ್ದ ಅಂತ ಆಮೇಲೆ ಗೊತ್ತಾಯ್ತು. ಅವನು ಬರೆದ: "ಹಲ್ಲಿಗೆ ಯಾಕ ಬೇಕಲೇ ಕಂಪ್ಯೂಟರ್? ಅದು ಗ್ವಾಡಿ ಮ್ಯಾಲ ಆರಾಮ ಐತಿ. ನಿನಗ ತೆಲಿ ಐತೋ ಇಲ್ಲೋ?"

ಇಡೀ ಸಾರಕ್ಕಿ ಎದ್ದು ನಿಲ್ಲೋ ಹೆಂಗಸಿಗೆ "ಲೇ" ಅಂದ್ಬಿಟ್ಟನಲ್ಲ! ಮೆತ್ತಗೆ ತಿರುಗಿ ನೋಡಿದೆ. ಅತ್ತೆ ಸ್ಕ್ರೀನ್ ಹತ್ತಿರ ಮುಖ ತಗೊಂಡು ಹೋಗಿ, ಪಾಠ ಓದೋ ಮಗು ಥರ ಬೆರಳಿಟ್ಟು ಓದ್ತಿದ್ರು.

"ಲೋ, 'ನಿನಗ' ಅಂದಿದಾನೆ ಅಲ್ವಾ?"

"ಹೂಂ ಅತ್ತೆ. ಕಂಪ್ಲೇಂಟ್ ಮಾಡಿ ತೆಗೆಸಿಬಿಡ್ಲಾ?"

"ಮುಟ್ಟು, ಕೈ ಮುರೀತೀನಿ!"

ಅವತ್ತೇ ನೋಡಿ, ಶಾವಿಗೆ ಪಾಯಸ.

ಅಲ್ಲಿಂದ ಶುರುವಾಯ್ತು. ಗ್ರಹಣದ ದಿನ ಊಟ ಮಾಡಬಹುದಾ, ಫ್ಲೈಓವರ್ ಬೇಕಾ ಕೆರೆ ಬೇಕಾ, ಮೊಬೈಲ್ ಟವರಿಂದ ಗುಬ್ಬಚ್ಚಿ ಸಾಯುತ್ತಾ, ಯಾವ ಸುದ್ದಿ ಬಂದ್ರೂ ಕೆಳಗೆ ನ್ಯೂಟ್ರಾನ್ ಮತ್ತು ಗಿರ್ಮಿಟ್. ಅತ್ತೆ ಗ್ರಹಣ ಬರೋದನ್ನೇ ಕಾಯ್ತಿದ್ರು, ಹಬ್ಬ ಕಾಯೋ ಹಾಗೆ! ಮೊದಲು ಅವನ ವಾಕ್ಯಗಳ ತಪ್ಪು ತಿದ್ದಿ, ಆಮೇಲೆ ಬೈತಿದ್ರು. "ನಿನ್ನ ವಾದ ತಪ್ಪು. ಕೈಬರಹ ಮಾತ್ರ ಪರವಾಗಿಲ್ಲ" ಅಂತ ಒಂದ್ಸಲ ಬರೆದಿದ್ರು. ಕೀಬೋರ್ಡಲ್ಲಿ ಕುಟ್ಟಿದ್ದಕ್ಕೆ! ಅವನು "ಸುಮ್ ಕುಂದ್ರಲೇ, ನಿನ್ನ ಬುದ್ಧಿ ಬಸವನಹುಳ" ಅಂತ ತಿರುಗಿ ಬರೀತಿದ್ದ. ಅತ್ತೆ ನಕ್ಕೂ ನಕ್ಕೂ ಕಣ್ಣೊರೆಸ್ಕೋತಿದ್ರು. ನಾನು ಹೋದಾಗೆಲ್ಲ, "ಇವತ್ತು ಏನಂದ ಗೊತ್ತಾ?" ಅಂತ ಬಾಗಿಲಲ್ಲೇ ವರದಿ. ಇಷ್ಟು ಸಂತೋಷವಾಗಿ ಯಾರಾದ್ರೂ ಬೈಸ್ಕೊಂಡಿದ್ದು ನಾನು ನೋಡಿಲ್ಲ. ನಂಗೂ ಮನೇಲಿ ದಿನಾ ಬೈತಾರೆ, ಪಾಯಸ ಅಂತೂ ಕಂಡಿಲ್ಲ.

ಕೆಟ್ಟಿದ್ದು ಎಲೆಕ್ಷನ್ ಟೈಮಲ್ಲಿ. ವೋಟಿಂಗ್ ಮೆಷೀನ್ ಬಗ್ಗೆ ಜಗಳ. ಗಿರ್ಮಿಟ್ ಪ್ರಕಾರ ಮೇಲಿಂದ ಸ್ಯಾಟಲೈಟಲ್ಲಿ ಯಾರೋ ಕೂತು ಬಟನ್ ಒತ್ತಿಬಿಡ್ತಾರೆ. "ಅದಕ್ಕೆ ಆಂಟೆನಾ ಎಲ್ಲಿದೆ ತೋರಿಸು" ಅಂದ್ರು ಅತ್ತೆ. ಅವನು ಆಂಟೆನಾ ಒಳಗೆ ಮಡಚಿಟ್ಟಿರ್ತಾರೆ ಅಂದ. ಅತ್ತೆ ಸರ್ಕ್ಯೂಟ್ ಪಾಠ ಶುರು ಮಾಡಿದ್ರು. ಸೋಲೋ ಹಂತಕ್ಕೆ ಬಂದ ಗಿರ್ಮಿಟ್ ಕೊನೇ ಬಾಣ ಬಿಟ್ಟ:

"ನೀ ಸೈನ್ಸ್ ಎಲ್ಲಿ ಕಲ್ತೀಲೇ? ನಿಮ್ಮ ಸಾಲ್ಯಾಗ ಮಾಸ್ತರ ಇರ್ಲಿಲ್ಲೇನ?"

ಟೀಚರಿಗೆ ಹೇಳೋ ಮಾತಾ ಇದು? ಅತ್ತೆ ಮೈಯೆಲ್ಲ ಉರಿದುಹೋಯ್ತು. ನಾನು "ಅತ್ತೆ, ತಡೀರಿ, ತಡೀರಿ" ಅನ್ನೋಷ್ಟರಲ್ಲಿ ಟಪಟಪ ಕುಟ್ಟಿ ಕಳಿಸಿಬಿಟ್ರು: ನಾನೇ ಕಣಯ್ಯಾ ಮಾಸ್ತರು. ಸಾರಕ್ಕಿ ಹತ್ತಿರದ ಹೈಸ್ಕೂಲಿನ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲೆಕ್ಷನ್ ಡ್ಯೂಟಿ ಮಾಡಿ ಆ ಮೆಷೀನನ್ನ ತೊಡೆ ಮೇಲೆ ಇಟ್ಕೊಂಡು ಲಾರೀಲಿ ಬಂದೋಳು ನಾನು. ಇನ್ನೇನಾದ್ರೂ ಕೇಳೋದಿದೆಯಾ?

ಇರ್ಲಿಲ್ಲ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು.

"ಅಯ್ಯೋ, ತಪ್ಪಾತ್ರೀ ಮೇಡಂ. ಗೊತ್ತಾಗಲಿಲ್ರೀ. ಯಾರೋ ಹುಡುಗ ಅಂತ ಅನ್ಕೊಂಡಿದ್ನಿರೀ. ನೀವು ಹೇಳಿದ್ದ ಖರೇ ಐತ್ರೀ. ಕ್ಷಮಾ ಮಾಡ್ರೀ."

ಒಂದು ಕಾಮೆಂಟಲ್ಲಿ ಎಷ್ಟು ರೀ! ಅದರ ಹಿಂದೇನೇ ಅಂಜನಾಪುರದಿಂದ ಒಬ್ಬ, "ಮಿಸ್, ನೀವಾ? ನಾನು ನಿಮ್ಮ ಸ್ಟೂಡೆಂಟು, ಕೊನೇ ಬೆಂಚು" ಅಂದ. ಹುಳಿಮಾವಿಂದ ಇನ್ನೊಬ್ಬಳು "ನಮಸ್ತೆ ಮಿಸ್" ಅಂದ್ಲು. ನೋಡ್ತಾ ನೋಡ್ತಾ ಇಡೀ ಕಾಮೆಂಟ್ ಪೇಜು ಪ್ರೇಯರ್‌ಗೆ ನಿಂತ ಹಾಗೆ ಕೈಕಟ್ಟಿ ನಿಂತುಬಿಡ್ತು.

"ಗೆದ್ರಿ ಅತ್ತೆ! ಸಖತ್!" ಅಂತ ನಾನು ಕುಣಿದೆ. ಅತ್ತೆ ಮೌಸ್ ಹಿಡ್ಕೊಂಡು ಗಿರ್ಮಿಟ್ ಉತ್ತರಾನ ಇನ್ನೊಂದ್ಸಲ ಓದಿದ್ರು.

"ನೀವು ಅಂದುಬಿಟ್ನಲ್ಲೋ" ಅಂದ್ರು.

ಅದಾದ್ಮೇಲೆ ಅತ್ತೆ ಏನು ಬರೆದ್ರೂ ಗಿರ್ಮಿಟ್ "ಹೌದ್ರೀ ಮೇಡಂ". ಗ್ರಹಣ ಬಂತು, ಹೋಯ್ತು, "ನೀವು ಹೇಳ್ದಂಗ ಊಟ ಮಾಡಿದ್ನಿರೀ ಮೇಡಂ" ಅಂದ. ಅತ್ತೆ ಹತಾಶರಾಗಿ ಏನು ಮಾಡಿದ್ರು ಗೊತ್ತಾ? ಜೀವಮಾನವೆಲ್ಲ ವಿಜ್ಞಾನ ಹೇಳ್ಕೊಟ್ಟ ಆ ಕೈಯಿಂದ, ಹಲ್ಲು ಕಚ್ಕೊಂಡು, "ಸೂರ್ಯನೇ ಭೂಮಿಯ ಸುತ್ತ ಸುತ್ತುವುದು" ಅಂತ ಬರೆದ್ರು! ಬರೆದು ಕುರ್ಚಿ ತುದೀಲಿ ಕೂತು ಕಾದ್ರು. ಈಗಂತೂ ಬೈದೇ ಬೈತಾನೆ!

"ಇರಬಹುದ್ರೀ ಮೇಡಂ" ಅಂತ ಬಂತು. "ನಮಗ ಸಾಲ್ಯಾಗ ತಪ್ಪ ಕಲಿಸಿರಬೇಕ್ರೀ."

ಒಬ್ಬನಾದ್ರೂ ಅಲ್ಲ ಅಂದ್ನಾ? ಇಲ್ಲ. ಹಳೇ ವಿದ್ಯಾರ್ಥಿಗಳೆಲ್ಲ "ಥ್ಯಾಂಕ್ಯೂ ಮಿಸ್" ಅಂದ್ರು.

ನಾನೊಂದು ಐಡಿಯಾ ಕೊಟ್ಟೆ. ಹೊಸ ಹೆಸರು ಇಟ್ಕೊಂಡು ಹೋಗೋಣ ಅಂತ. "ಪ್ರೋಟಾನ್" ಅಂತ ಇಟ್ಟೆ, ತಲೆ ಓಡಿಸಿದ್ದು ನೋಡಿ! ಅತ್ತೆ ಹುರುಪಿಂದ ಒಂದು ಖಾರವಾದ ಕಾಮೆಂಟ್ ಬರೆದ್ರು. ಗಿರ್ಮಿಟ್ ಉತ್ತರ ಐದೇ ನಿಮಿಷದಲ್ಲಿ: "ಮೇಡಂ, ನೀವಾ ಅಲ್ಲೇನ್ರೀ? ಈ ಪೇಜಿನ್ಯಾಗ ಫುಲ್‌ಸ್ಟಾಪ್ ಇಡಾವ್ರು ನೀವೊಬ್ರ ಅದೀರಿ."

ಅತ್ತೆ ಕಂಪ್ಯೂಟರ್ ಆಫ್ ಮಾಡಿದ್ರು. ಅದರ ಮೇಲೆ ಟವೆಲ್ ಹೊದಿಸಿದ್ರು. ನಂಗೆ ಉಪ್ಪಿಟ್ಟು ಬಡಿಸಿ, ಎದುರಿಗೆ ಕೂತು, ಅಡುಗೆಮನೆ ಕಡೆ ನೋಡ್ತಾ ಹೇಳಿದ್ರು. "ಅಮ್ಮ ಇದ್ದಾಗ ಎಷ್ಟು ಸಿಟ್ಟು ಬರೋದು ಗೊತ್ತಾ? ಪಕ್ಕದ ಮನೆಯೋರಿಗೆಲ್ಲ ಕೇಳೋ ಹಾಗೆ ಬಾರೇ, ಹೋಗೇ ಅಂತಿದ್ಲು. ಹೆಡ್‌ಮಿಸ್ಟ್ರೆಸ್ ನಾನು, ಮೆತ್ತಗೆ ಕರಿ ಅಮ್ಮಾ ಅಂತಿದ್ದೆ. ಈಗ ಎಲ್ಲರೂ ಮೆತ್ತಗೇ ಕರೀತಾರೆ ಕಣೋ."

ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟೆ. ಉಪ್ಪು ಜಾಸ್ತಿ ಆಗಿತ್ತು ಅಂತ ಇಟ್ಕೊಳ್ಳಿ.

ಮುಂದಿನ ಸಲ ಹೋಗೋವಾಗ ತೀರ್ಮಾನ ಮಾಡಿದೆ. ಗಿರ್ಮಿಟ್ ಯಾಕೆ ಬೇಕು? ನಾನಿಲ್ವಾ? ಎರಡಕ್ಷರ ತಾನೇ, ನಾನೇ ಅಂದ್ಬಿಡ್ತೀನಿ! ಬಸ್ಸಲ್ಲಿ ಕಿಟಕಿ ಕಡೆ ತಿರುಗಿ ಪ್ರಾಕ್ಟೀಸ್ ಶುರು ಮಾಡಿದೆ. "ಏನ್ ಮಾಡ್ತಿದ್ದೀಯ ನೀನು? ಏನ್ ಮಾಡ್ತಿದ್ದೀಯ ನೀನು?" ಪಕ್ಕದಲ್ಲಿ ಕಂಡಕ್ಟರ್ ಬಂದು ನಿಂತಿದ್ದು ಗೊತ್ತೇ ಆಗ್ಲಿಲ್ಲ.

"ಟಿಕೆಟ್ ಕೊಡ್ತಿದ್ದೀನಿ, ಕಾಣಲ್ವಾ? ಮರ್ಯಾದೆ ಕೊಟ್ಟು ಮಾತಾಡೋದು ಕಲಿ!"

"ಸಾರಿ ಅಣ್ಣ, ನಿಮಗಲ್ಲ, ನಮ್ಮತ್ತೆಗೆ."

"ಅತ್ತೆಗಾ? ಇನ್ನೂ ಚೆನ್ನಾಗಿದೆ!" ಅಂದ. ಬಸ್ಸೆಲ್ಲ ನಕ್ಕಿತು.

ಸಾರಕ್ಕೀಲಿ ಇಳಿದು, ಮಾರ್ಕೆಟ್ ದಾಟಿ, ಬೆಲ್ ಒತ್ತಿದೆ. ಅತ್ತೆ ಬಾಗಿಲು ತೆಗೆದ್ರು. ಸೆರಗಲ್ಲಿ ಕೈ ಒರೆಸ್ಕೊಳ್ತಾ ನನ್ನನ್ನೇ ನೋಡಿದ್ರು. ಎದೆ ತುಂಬ ಉಸಿರು ಎಳ್ಕೊಂಡೆ.

"ಅತ್ತೆ, ನೀ..."

ನಾಲಿಗೆ ನಿಂತುಹೋಯ್ತು. ಹುಟ್ಟಿದಾಗಿನಿಂದ ನಡೆದ ದಾರಿ ಬಿಟ್ಟು ಅದು ಅಲ್ಲಾಡಲ್ಲ.

"ನೀ... ನೀ..."

"ಏನೋ?"

"ನೀರು ಕೊಡ್ತೀರಾ?"

ಅತ್ತೆ ಒಳಗೆ ಹೋಗಿ ಲೋಟದಲ್ಲಿ ನೀರು ತಂದ್ರು. ನಾನು ನಿಂತಲ್ಲೇ ಗಟಗಟ ಕುಡಿದೆ. ಅವರು ಬಾಗಿಲಿಗೆ ಒರಗಿ ನೋಡ್ತಾನೇ ಇದ್ರು.

"ನಿಂಗೆ ಬಾಯಾರಿರ್ಲಿಲ್ಲ ಅಲ್ವಾ?"

"ಇಲ್ಲ ಅತ್ತೆ."

"ನಿಮ್ಮಪ್ಪನೂ ಬಂದಿದ್ದ. ಅಮ್ಮನ ಕಾರ್ಯ ಎಲ್ಲ ಮುಗಿದ ಮಾರನೇ ದಿನ. ಇಲ್ಲೇ, ಈ ಬಾಗಿಲಲ್ಲೇ ನಿಂತು 'ಅಕ್ಕಾ, ನೀ... ನೀ...' ಅಂದ. ನಾನೂ ಕಾಯ್ತಾ ನಿಂತಿದ್ದೆ ಕಣೋ." ನನ್ನ ಕಾಲರ್ ಸರಿಮಾಡಿದ್ರು. "ಮೂರು ಲೋಟ ನೀರು ಕುಡ್ಕೊಂಡು ಹೋದ."

ನಾನು ಖಾಲಿ ಲೋಟ ಮುಂದೆ ಹಿಡಿದೆ.

"ಇನ್ನೊಂದು ಲೋಟ ಕೊಡ್ತೀರಾ, ಅತ್ತೆ?"