ಅಭ್ಯರ್ಥಿಯ ಹಿನ್ನೆಲೆಯಲ್ಲಿ ಒಂದಕ್ಷರ

ಬಾಗಿಲ ಸಂದಿಯಿಂದ ಯಾರೋ ತೂರಿಸಿ ಹೋಗಿದ್ದ ಕರಪತ್ರವನ್ನು ಒತ್ತಕ್ಷರಯ್ಯನವರು ಕಾಫಿ ಕುಡಿಯುತ್ತ ಓದಿದ್ದೇ ತಪ್ಪಾಯಿತು.

ಅದು ಅವರೇ ಕರಡು ತಿದ್ದಿ ಅಚ್ಚಿಗೆ ಕಳಿಸಿದ್ದ ಕರಪತ್ರ. ಮೇಲೆ ವಿಧಾನಸಭೆಗೆ ನಿಂತಿರುವ ಅಭ್ಯರ್ಥಿಯ ಕೈಮುಗಿದ ಚಿತ್ರ, ಕೆಳಗೆ ಎರಡು ಭಾಗ: ‘ನನ್ನ ಹಿನ್ನೆಲೆ’, ‘ನನ್ನ ನಿಲುವುಗಳು’. ನಿಲುವುಗಳದೇನೂ ತಕರಾರಿರಲಿಲ್ಲ. ಪ್ರತಿ ಮನೆಗೆ ನೀರು, ಪ್ರತಿ ಬೀದಿಗೆ ದೀಪ, ಪ್ರತಿ ಕೈಗೆ ಕೆಲಸ. ಹೋದ ಚುನಾವಣೆಯಲ್ಲಿ ಇದೇ ಪ್ರೆಸ್ಸಿನಲ್ಲಿ ಇನ್ನೊಬ್ಬರಿಗೆ ಅಚ್ಚಾಗಿದ್ದ ನಿಲುವುಗಳೇ ಈ ಸಲ ಬೇರೆ ಫೋಟೊದ ಕೆಳಗೆ ಬಂದು ಕೂತಿದ್ದವು. ಹಿನ್ನೆಲೆಯ ನಾಲ್ಕನೆಯ ಸಾಲಿಗೆ ಬಂದಾಗ ಮಾತ್ರ ಅವರು ಕಾಫಿ ಲೋಟ ಕೆಳಗಿಟ್ಟರು.

‘ಇಪ್ಪತ್ತು ವರ್ಷಗಳ ಕಳಂಕಸಹಿತ ಸಾರ್ವಜನಿಕ ಜೀವನ.’

ರಹಿತ ಆಗಬೇಕಾದ್ದು ಸಹಿತ ಆಗಿತ್ತು!

“ಏನ್ರೀ, ಸಕ್ಕರೆ ಕಡಿಮೆ ಆಯ್ತಾ?” ಎಂದರು ಹೆಂಡತಿ.

“ಒಂದಕ್ಷರ ಹೋಯ್ತು ಕಣೇ.”

“ಹೋದ್ರೆ ಹೋಗ್ಲಿ ಬಿಡಿ, ಇನ್ನೂ ನಲವತ್ತೆಂಟು ಇವೆಯಲ್ಲ.”

ಒತ್ತಕ್ಷರಯ್ಯ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಒಂದೇ ಪ್ರೆಸ್ಸಿನಲ್ಲಿ, ಸಣ್ಣಗೆ, ಸದ್ದಿಲ್ಲದೆ, ಯಾವಾಗಲೂ ಯಾರದೋ ಕೆಳಗೆ ಒತ್ತಿಕೊಂಡು ಬದುಕಿದ್ದರಿಂದ ಸಹೋದ್ಯೋಗಿಗಳು ಇಟ್ಟದ್ದು. ಮೂರು ತಿಂಗಳ ಹಿಂದೆ ದೊಡ್ಡ ಮನುಷ್ಯರೊಬ್ಬರ ‘ಸಂತಾಪ ಸಭೆ’ ಇವರ ಕಣ್ತಪ್ಪಿನಿಂದ ‘ಸಂತೋಷ ಸಭೆ’ ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು. ಸತ್ತವರ ಅಳಿಯನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಪ್ರೆಸ್ಸಿಗೆ ಜಗಳಕ್ಕೆ ಬಂದಿದ್ದರು. ಅವತ್ತೇ ಮಾಲೀಕರು, “ಇನ್ನೊಂದು ತಪ್ಪು ಬಂದ್ರೆ ನೀವೂ ನಿಮ್ಮ ಕನ್ನಡಕವೂ ಜೊತೇಲೇ ಮನೇಗೆ ಹೋಗ್ಬಹುದು” ಎಂದಿದ್ದರು.

ಒತ್ತಕ್ಷರಯ್ಯನವರು ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡು ಪ್ರೆಸ್ಸಿಗೆ ಓಡಿದರು. ಮಾಲೀಕರು ಇನ್ನೂ ಬಂದಿರಲಿಲ್ಲ. ಮೂಲಪ್ರತಿ ನೋಡೋಣವೆಂದರೆ ಅದು ಅಚ್ಚಾದ ಕಟ್ಟುಗಳ ಜೊತೆ ಅಭ್ಯರ್ಥಿಯ ಆಫೀಸು ಸೇರಿತ್ತು. ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ ಮುದ್ರಕ ಸಮಾಧಾನ ಹೇಳಿದ.

“ನಿನ್ನೆ ಹಂಚಿರೋದು ನಿಮ್ಮ ಮನೆ ಕಡೆಯ ಮೂರು ಬೀದಿಗೆ ಮಾತ್ರ ಸಾರ್. ಒಂದು ಪೆನ್ನು ಹಿಡ್ಕೊಂಡು ಮನೆ ಮನೆಗೂ ಹೋಗಿ ತಿದ್ದಿಬಿಡಿ. ಅದನ್ನ ಓದೋರು ನಿಮ್ಮನ್ನ ಬಿಟ್ರೆ ಇನ್ಯಾರಿದ್ದಾರೆ?”

ಮುಳುಗುವವರಿಗೆ ಹಗ್ಗ ಕಂಡಂತಾಯಿತು. ಆ ಹಗ್ಗದ ಇನ್ನೊಂದು ತುದಿ ಎಲ್ಲಿ ಕಟ್ಟಿದೆ ಎಂದು ಅವರು ನೋಡಲಿಲ್ಲ.

ಮೊದಲ ಮನೆಯ ಅಜ್ಜಿ ಕರಪತ್ರವನ್ನು ಕಪಾಟಿನ ಹಲಗೆಗೆ ಹಾಸಿ, ಮೇಲೆ ಹದಿನಾಲ್ಕು ಡಬ್ಬಿ ಜೋಡಿಸಿದ್ದರು. ಅಷ್ಟನ್ನೂ ಇಳಿಸಿ, ಒಂದಕ್ಷರ ಹೊಡೆದು ಇನ್ನೊಂದು ಬರೆದು, ಮತ್ತೆ ಅಷ್ಟನ್ನೂ ಏರಿಸಬೇಕಾಯಿತು. ಎರಡನೆಯ ಮನೆಯವರು ಇವರನ್ನು ನೀರಿನ ಮೀಟರ್ ನೋಡಲು ಬಂದವರೆಂದು ಹಿತ್ತಿಲಿಗೆ ಕರೆದೊಯ್ದರು. ಮೂರನೆಯದು ಕ್ಷೌರದಂಗಡಿ.

“ಏನು ತಿದ್ತಿದೀರಿ? ಕೊಡಿ ಇಲ್ಲಿ,” ಎಂದು ಕ್ಷೌರಿಕ ಕರಪತ್ರ ಕಿತ್ತುಕೊಂಡು ಗಟ್ಟಿಯಾಗಿ ಓದಿದ. “ಕಳಂಕಸಹಿತ! ನೋಡಿ, ಬೆಳಗ್ಗೆಯಿಂದ ನಾಲ್ಕು ಸಲ ಓದಿದೀನಿ, ಕಣ್ಣಿಗೆ ಬಿದ್ದೇ ಇರಲಿಲ್ಲ.”

“ಹಂಗಂದ್ರೇನು?” ಎಂದಿತು ಕುರ್ಚಿಯಲ್ಲಿದ್ದ ಅರ್ಧ ಬೋಳಿಸಿದ ಗಡ್ಡ.

“ಕುಟುಂಬ ಸಹಿತ ಬನ್ನಿ ಅಂತೀವಲ್ಲ, ಹಂಗೆ. ಇವರು ಕಳಂಕ ಸಹಿತ ಬರ್ತಿದಾರೆ.”

ಅಂಗಡಿ ಬಿದ್ದು ಬಿದ್ದು ನಕ್ಕಿತು. ಅರ್ಧ ಗಡ್ಡದವರು ಕೊರಳಿನ ಬಟ್ಟೆ ಸಮೇತ ಮನೆಗೆ ಹೋಗಿ ತಮ್ಮ ಕರಪತ್ರ ತಂದರು. ಪಕ್ಕದ ದರ್ಜಿ ಅಳತೆಯ ಟೇಪು ಕುತ್ತಿಗೆಗೆ ಹಾಕಿಕೊಂಡೇ ಹೊರಬಂದ. ಅದುವರೆಗೆ ಯಾರೂ ನೋಡದಿದ್ದ ಕಾಗದವನ್ನು ಈಗ ಬೀದಿಯೇ ಹುಡುಕಿ ಹುಡುಕಿ ಓದತೊಡಗಿತು.

“ಅಯ್ಯಾ, ಮೆಲ್ಲಗೆ ಮಾತಾಡ್ರಪ್ಪಾ, ನನ್ನ ಅನ್ನ ಹೋಗುತ್ತೆ!” ಎಂದು ಒತ್ತಕ್ಷರಯ್ಯನವರು ಕೈಮುಗಿದರು. ಕರಪತ್ರದಲ್ಲಿದ್ದ ಅಭ್ಯರ್ಥಿಯೂ ಅಷ್ಟು ದೀನವಾಗಿ ಮುಗಿದಿರಲಿಲ್ಲ.

ಗುಂಪಿನಲ್ಲಿ ಇಸ್ತ್ರಿ ಮುರಿಯದ ಅಂಗಿಯವನೊಬ್ಬ ಮಾತ್ರ ನಗಲಿಲ್ಲ. “ನನ್ನದೂ ಒಂದು ತಿದ್ದಿಕೊಡಿ ಸಾರ್, ಪಾಪ,” ಎಂದು ಮರ್ಯಾದೆಯಿಂದ ಕೇಳಿ, ತಿದ್ದಿಸಿಕೊಂಡು, ಮಡಿಸಿ ಜೇಬಿನಲ್ಲಿಟ್ಟು ಹೋದ. ಇಡೀ ದಿನದಲ್ಲಿ ಸಿಕ್ಕ ಒಬ್ಬನೇ ಒಳ್ಳೆಯ ಮನುಷ್ಯನೆಂದು ಒತ್ತಕ್ಷರಯ್ಯನವರಿಗೆ ಕಣ್ಣು ತೇವವಾಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಅರವತ್ತೊಂದು ಕರಪತ್ರ ತಿದ್ದಿಯಾಗಿತ್ತು, ಮುನ್ನೂರರಷ್ಟು ಬಾಕಿಯಿದ್ದವು, ನಗು ಆಗಲೇ ನಾಲ್ಕನೆಯ ಬೀದಿ ದಾಟಿತ್ತು. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ತಾನೇ ಹೋಗಿ ಒಪ್ಪಿಕೊಳ್ಳುವುದು ಮೇಲೆಂದು ಅವರು ಅಭ್ಯರ್ಥಿಯ ಆಫೀಸಿನ ಮೆಟ್ಟಿಲು ಹತ್ತಿದರು.

ಒಳಗೆ ಅಭ್ಯರ್ಥಿ, ಅವರ ವಕೀಲರು, ಪ್ರೆಸ್ಸಿನ ಮಾಲೀಕರು ಮೂವರೂ ಕೂತಿದ್ದರು. ಒತ್ತಕ್ಷರಯ್ಯನವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

“ತಪ್ಪು ನನ್ನದೇ ಸಾರ್. ಸಹಿತ ಅಂತ ಬಂದ್ಬಿಟ್ಟಿದೆ. ಆದ್ರೆ ಅರವತ್ತೊಂದು ಮನೇಲಿ ನನ್ನ ಕೈಯಾರೆ ರಹಿತ ಮಾಡಿದೀನಿ.”



“ಯಾರ್ರೀ ನಿಮಗೆ ತಿದ್ದೋಕೆ ಹೇಳಿದ್ದು?” ಎಂದು ಅಭ್ಯರ್ಥಿ ಎದ್ದು ನಿಂತರು. “ನಾವು ಬರ್ಕೊಟ್ಟಿದ್ದೇ ಸಹಿತ ಅಂತ!”

ವಕೀಲರು ತಲೆಯ ಮೇಲೆ ಕೈಹೊತ್ತು ವಿವರಿಸಿದರು. “ನಾಮಪತ್ರದ ಜೊತೆ ಮೂರು ಕೇಸು ಇದೆ ಅಂತ ಪ್ರಮಾಣ ಮಾಡಿ ಬರ್ಕೊಟ್ಟಿದೀವಿ. ಇಲ್ಲಿ ಕಳಂಕರಹಿತ ಅಂತ ಹಾಕಿದ್ರೆ ಸುಳ್ಳು ಪ್ರಚಾರ ಅಂತ ಎದುರಿನವರು ದೂರು ಕೊಡ್ತಾರೆ. ಅದಕ್ಕೇ ಮೂರು ದಿನ ಕೂತು ಈ ಅಕ್ಷರ ಹುಡುಕಿದ್ದು. ಜನ ಹೇಗಿದ್ರೂ ರಹಿತ ಅಂತಲೇ ಓದ್ಕೋತಾರೆ. ವಿಚಾರಣೆ ಬಂದ್ರೆ ಸಹಿತ ಅಂತ ತೋರಿಸಬಹುದು.”

“ಕರಡು ತಿದ್ದುವಾಗ ನಾನೂ ರಹಿತ ಅಂತಲೇ ಓದ್ಕೊಂಡೆ ಸಾರ್,” ಎಂದರು ಒತ್ತಕ್ಷರಯ್ಯ ಕ್ಷೀಣವಾಗಿ.

“ನೋಡಿ! ಇವರೇ ಹಾಗೆ ಓದ್ಕೊಂಡ್ರು ಅಂದ್ಮೇಲೆ ಕೆಲಸ ಎಷ್ಟು ಚೆನ್ನಾಗಿ ಆಗಿತ್ತು!”

ಅಷ್ಟರಲ್ಲಿ ಫೋನು ಬಂತು. ಇಸ್ತ್ರಿ ಮುರಿಯದ ಅಂಗಿಯವನು ಎದುರಾಳಿಯ ಕಡೆಯವನು. ತಿದ್ದಿದ ಕರಪತ್ರ ಆಗಲೇ ಚುನಾವಣಾಧಿಕಾರಿಯ ಮೇಜಿನ ಮೇಲಿತ್ತು.

“ನೀಲಿ ಶಾಯೀಲಿ ರಹಿತ ಅಂತ ತಿದ್ದಿದೆಯಂತೆ. ಪಕ್ಕದಲ್ಲಿ ಸಹಿ ಬೇರೆ ಇದೆಯಂತೆ!” ಎಂದರು ಅಭ್ಯರ್ಥಿ, ಫೋನು ಕುಕ್ಕಿ.

“ತಿದ್ದಿದ ಕಡೆ ಸಹಿ ಹಾಕೋದು ಅಭ್ಯಾಸ ಸಾರ್.”

ವಕೀಲರು ಬಿಳಿ ಹಾಳೆ ಎಳೆದುಕೊಂಡು ಗೀಚತೊಡಗಿದರು. ಐದು ನಿಮಿಷದಲ್ಲಿ ಹೇಳಿಕೆ ಸಿದ್ಧವಾಯಿತು. ತನಗೆ ಬಹಳ ದಿನದಿಂದ ಕಣ್ಣು ಮಂದವಾಗಿ ಅಕ್ಷರಗಳು ಒಂದಕ್ಕೊಂದು ಬದಲಾಗಿ ಕಾಣುವುದಾಗಿಯೂ, ಸರಿಯಿದ್ದ ಪದವನ್ನು ತಪ್ಪೆಂದು ತಿಳಿದು ಸ್ವಂತ ಬುದ್ಧಿಯಿಂದ ತಿದ್ದಿದ್ದಾಗಿಯೂ ಒತ್ತಕ್ಷರಯ್ಯನವರು ಈ ಮೂಲಕ ಒಪ್ಪಿಕೊಂಡಿದ್ದರು.

“ಇದಕ್ಕೆ ಸಹಿ ಹಾಕಿದ್ರೆ ನನ್ನ ಕೆಲಸ ಉಳಿಯುತ್ತಾ?” ಎಂದು ಅವರು ಮಾಲೀಕರ ಕಡೆ ತಿರುಗಿದರು.

ಮಾಲೀಕರು ಕಿಟಕಿಯ ಕಡೆ ನೋಡಿದರು. “ಅಲ್ರೀ, ಕಣ್ಣು ಕಾಣಲ್ಲ ಅಂತ ಬರ್ಕೊಟ್ಟವರನ್ನ ಕರಡು ತಿದ್ದೋಕೆ ಹೇಗೆ ಇಟ್ಕೊಳ್ಳೋದು?”

“ಹಾಕದೆ ಇದ್ರೆ?”

“ಹಾಕದೆ ಇದ್ರೆ ಪ್ರೆಸ್ಸೇ ಉಳಿಯಲ್ಲ.”

ಒತ್ತಕ್ಷರಯ್ಯನವರು ಪೆನ್ನು ತೆಗೆದು ಹಾಳೆಯ ಮೇಲೆ ಬಾಗಿದರು. ಎರಡನೆಯ ಸಾಲಿನಲ್ಲಿ ‘ದ್ರುಷ್ಟಿ’ ಎಂದಿತ್ತು. ಐದನೆಯದರಲ್ಲಿ ‘ಬುದ್ದಿ’, ಮಹಾಪ್ರಾಣವಿಲ್ಲದೆ. ಪೆನ್ನು ತಾನಾಗಿಯೇ ಎರಡನೆಯ ಸಾಲಿಗೆ ಹೋಯಿತು.

ವಕೀಲರು ಗಪ್ಪನೆ ಅವರ ಮಣಿಕಟ್ಟು ಹಿಡಿದರು. “ಏನ್ರೀ ಇದು? ಕಣ್ಣು ಕಾಣಲ್ಲ ಅಂತಿರೋ ಕಾಗದದಲ್ಲಿ ಕಾಗುಣಿತ ತಿದ್ದಿದ್ರೆ ಯಾರು ನಂಬ್ತಾರೆ? ಸಹಿ ಹಾಕಿ, ಸಾಕು.”

ಒತ್ತಕ್ಷರಯ್ಯನವರು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರು.