ಎಂಜಿನ್ನಿಗೆ ಕುಸುಬಿ ಎಣ್ಣೆ

ಒಬ್ಬರು ಬದುಕಿದ್ದಾಗ ಅವರ ಮಾತನ್ನು ಎಷ್ಟು ಕಡಿಮೆ ಕೇಳಿರುತ್ತೇವೋ, ತೀರಿಕೊಂಡ ಮೇಲೆ ಅಷ್ಟೇ ಹೆಚ್ಚಾಗಿ ಕೇಳತೊಡಗುತ್ತೇವೆ. ನನ್ನ ಅಣ್ಣ ಶಿವಪುತ್ರ ನನಗೆ ಹೇಳಿದ ನೂರಾರು ಮಾತುಗಳಲ್ಲಿ ನಾನು ಪಾಲಿಸಿದ್ದು ಒಂದೂ ನೆನಪಿಗೆ ಬರುವುದಿಲ್ಲ. ಬೆಳಿಗ್ಗೆ ಬೇಗ ಏಳು ಎಂದ, ಏಳಲಿಲ್ಲ. ಸೈಕಲ್ಲನ್ನಾದರೂ ಕಲಿ ಎಂದ, ಕಲಿಯಲಿಲ್ಲ. ಕೊನೆಗೆ ಜ್ವರದಲ್ಲಿ ಮಲಗಿದ್ದಾಗ ನನ್ನ ಕೈ ಹಿಡಿದು, "ತಮ್ಮಾ, ಎಂಜಿನ್ನಿಗೆ ತುಕ್ಕ ಹಿಡಿಯಗೊಡಬ್ಯಾಡ" ಎಂದ. ಅದೊಂದು ಮಾತನ್ನು ಮಾತ್ರ ನಾನು ವರ್ಷಪೂರ್ತಿ, ಒಂದು ವಾರವೂ ತಪ್ಪದೆ ಪಾಲಿಸಿದೆ. ಪಾಲಿಸದೇ ಇದ್ದಿದ್ದರೆ ಒಳ್ಳೆಯದಿತ್ತು.

ಅಣ್ಣ ಮುದ್ದೇಬಿಹಾಳದ ಒಂದು ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದ. ನಾನು ಮುಲ್ಕಿ ಪರೀಕ್ಷೆ ಪಾಸಾಗಿ ಪ್ರಾಥಮಿಕ ಶಾಲೆಯ ಮಾಸ್ತರನಾದೆ. ಮದುವೆಯಾದ ಮೇಲೂ ಇಬ್ಬರದೂ ಕೂಡಿದ ಮನೆ. ಎತ್ತುಗಳನ್ನು ಮಾರಿದ ಮೇಲೆ ಖಾಲಿಬಿದ್ದ ಕೊಟ್ಟಿಗೆಯಲ್ಲಿ ಅಣ್ಣ ಆರು ವರ್ಷ ಒಂದು ಮೋಟಾರ್ ಸೈಕಲ್ ಕಟ್ಟಿದ. ಕೊಂಡ ಎನ್ನಲಿಲ್ಲ, ಕಟ್ಟಿದ ಎಂದೆ. ಎಂಜಿನ್ನು ಸೊಲ್ಲಾಪುರದ ಗುಜರಿಯಲ್ಲಿ ಸಿಕ್ಕಿದ್ದು, ಯುದ್ಧದ ಕಾಲದ್ದು. ಚೌಕಟ್ಟು ಹೊರ್ತಿಯ ಗೌಡರೊಬ್ಬರ ಹಿತ್ತಲಲ್ಲಿ ಹಾಗಲಬಳ್ಳಿಗೆ ಚಪ್ಪರವಾಗಿತ್ತು. ಕಾಯಿ ಬಿಡುವುದು ಮುಗಿಯಲಿ ಎಂದು ಗೌಡರ ಮನೆಯವರು ಎರಡು ತಿಂಗಳು ಕಾಯಿಸಿದರು. ಗಾಲಿಗಳು ಸಿಂದಗಿಯವು, ಹ್ಯಾಂಡಲ್ಲು ಬಸವನ ಬಾಗೇವಾಡಿಯದು. ಪೆಟ್ರೋಲ್ ಟಾಕಿಯನ್ನು ಅಣ್ಣ ತಾನೇ ತಗಡು ಬಡಿದು ಮಾಡಿದ. ಸೀಟು ಕುದುರೆಯ ಜೀನು. ಎದುರು ಮನೆಯ ಚನ್ನಪ್ಪ ದಿನವೂ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. "ಶಿವಪುತ್ರ, ಇದು ನಡದರ ಯಾವ ತಾಲೂಕಿನ ಕಡೆ ಮಾರಿ ಮಾಡತೈತಿ?" ಎಂದು ಕೇಳುತ್ತಿದ್ದ. "ಮೊದಲ ನಿನ್ನ ಕಟ್ಟಿ ಕಡೆನ ಬರತೈತಿ, ಎದ್ದ ನಿಂತಿರು" ಎಂದು ಅಣ್ಣ ತಲೆ ಎತ್ತದೆ ಹೇಳುತ್ತಿದ್ದ. ಚನ್ನಪ್ಪ ನಗುತ್ತಿದ್ದ, ಓಣಿ ನಗುತ್ತಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ವೈನಿ, ಅಂದರೆ ಅಣ್ಣನ ಹೆಂಡತಿ, ಆರು ವರ್ಷ ಈ ನಗೆಯನ್ನು ಕೇಳಿದರು. ಒಂದು ಮಾತೂ ಆಡಲಿಲ್ಲ.

ಎಲ್ಲ ಜೋಡಿಸಿ ಮುಗಿದು, ಇನ್ನು ಒಂದು ಸಲ ಒದ್ದು ಚಾಲೂ ಮಾಡುವುದಷ್ಟೇ ಉಳಿದಿತ್ತು. ಆಗ ಜ್ವರ ಬಂತು.

ನಮ್ಮ ಕಡೆ ಕುಸುಬಿ ಎಣ್ಣೆ ಎಲ್ಲದಕ್ಕೂ ನಡೆಯುತ್ತದೆ. ರೊಟ್ಟಿ ಚಟ್ನಿಗೆ ಅದೇ, ದೇವರ ದೀಪಕ್ಕೆ ಅದೇ, ನೋಯುವ ಮೊಣಕಾಲಿಗೂ ಕಿರುಗುಟ್ಟುವ ಬಾಗಿಲಿಗೂ ಅದೇ. ಚಕ್ಕಡಿಯ ಅಚ್ಚಿಗೆ ಮಾತ್ರ ಔಡಲೆಣ್ಣೆ, ಅಂದರೆ ಹರಳೆಣ್ಣೆ. ಅದನ್ನು ನಾನು ಯೋಚಿಸದೆ ಇರಲಿಲ್ಲ. ಆದರೆ ಚಿಕ್ಕಂದಿನಲ್ಲಿ ಅವ್ವ ನಮ್ಮಿಬ್ಬರ ಮೂಗು ಹಿಡಿದು, ಹೊಟ್ಟೆ ತೊಳೆಯಲಿ ಎಂದು ಕುಡಿಸುತ್ತಿದ್ದದ್ದೂ ಔಡಲೆಣ್ಣೆಯೇ. ಅದರ ಬಟ್ಟಲು ಕಂಡರೆ ಅಣ್ಣ ಹಿತ್ತಲ ಗೋಡೆ ಹಾರುತ್ತಿದ್ದ. ಅವನ ಎಂಜಿನ್ನಿಗೆ ಅದನ್ನು ಕುಡಿಸಲು ನನಗೆ ಮನಸ್ಸು ಬರಲಿಲ್ಲ.

ಹಾಗಾಗಿ ಪ್ರತಿ ಸೋಮವಾರ ವೈನಿ ಗುಡಿಗೆ ಹೋದ ಹೊತ್ತಿನಲ್ಲಿ ಅಡುಗೆಮನೆಯ ಗಡಿಗೆಯಿಂದ ಒಂದು ಸೌಟು ಕುಸುಬಿ ಎಣ್ಣೆ ತೆಗೆದುಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದೆ. ಎಂಜಿನ್ನಿನ ನೆತ್ತಿಯ ಮೇಲಿನ ಪ್ಲಗ್ಗು ಬಿಚ್ಚುವುದೊಂದನ್ನು ಅಣ್ಣ ನನಗೆ ಕಲಿಸಿದ್ದ. ಅದನ್ನು ಬಿಚ್ಚಿ, ಕೂಸಿನ ನೆತ್ತಿಗೆ ಒತ್ತುವ ಹಾಗೆ ನಿಧಾನವಾಗಿ ಎಣ್ಣೆ ಬಿಡುತ್ತಿದ್ದೆ. ಶಾಲೆಯ ಸುದ್ದಿ ಏನಾದರೂ ಇದ್ದರೆ ಹೇಳುತ್ತಿದ್ದೆ. ಕಿಕ್ಕನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಅಣ್ಣನ ಹಕ್ಕು ಎನಿಸುತ್ತಿತ್ತು. ಆ ವರ್ಷ ನಾನು ಬೇರೆಲ್ಲೂ ಅಳಲಿಲ್ಲ. ಸೋಮವಾರದ ಆ ಅರ್ಧ ಗಂಟೆಯೇ ಸಾಕಾಗುತ್ತಿತ್ತು.

ಗಡಿಗೆಯಲ್ಲಿ ಎಣ್ಣೆ ಇಳಿಯುವುದು ವೈನಿಯ ಕಣ್ಣಿಗೆ ಬಿತ್ತು. ಮಜ್ಜಿಗೆಗೆಂದು ಬರುತ್ತಿದ್ದ ಚನ್ನಪ್ಪನ ಹೆಂಡತಿ ಗಂಗವ್ವನ ಮೇಲೆ ಅನುಮಾನ ಹೋಯಿತು. ವೈನಿ ಜಗಳ ಆಡುವವರಲ್ಲ, ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದರು. ನಾನು ಶಾಲೆಯಲ್ಲಿ ಮಕ್ಕಳಿಗೆ ಸತ್ಯದ ಪಾಠ ಹೇಳಿ ಬಂದು, ಮನೆಯಲ್ಲಿ ಗಂಗವ್ವನ ಸುದ್ದಿ ಬಂದಾಗ ರೊಟ್ಟಿಯನ್ನೇ ನೋಡುತ್ತ ಉಣ್ಣುತ್ತಿದ್ದೆ.

ವರ್ಷದ ಪುಣ್ಯತಿಥಿ ಹತ್ತಿರವಾದಾಗ ವೈನಿ ನನ್ನನ್ನು ಕರೆದು, "ಗುರುಪಾದ, ಒಮ್ಮೆ ಅದರ ದನಿ ಕೇಳಸು. ಆರ ವರ್ಷ ಅವರು ಮಾಡಿದ್ದು ಕೆಲಸನೋ ಹುಚ್ಚೋ ನನಗ ತಿಳೀಲಿ. ಆಮ್ಯಾಲ ಗುಜರಿಯವಗ ಕೊಟ್ಟಬಿಡೂಣು" ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಪುಣ್ಯತಿಥಿಯ ಪೂಜೆ ಮುಗಿದ ಮೇಲೆ, ಜಿನ್ನಿನಲ್ಲಿ ಅಣ್ಣನ ಜೋಡಿ ಕೆಲಸ ಮಾಡುತ್ತಿದ್ದ ಹುಸೇನಸಾಬ ಬಂದರು. ಗಾಡಿಯನ್ನು ಅಂಗಳಕ್ಕೆ ತಂದೆವು. ಓಣಿಯೆಲ್ಲ ಸೇರಿತು. ಪೆಟ್ರೋಲ್ ಹಾಕಿ ಹುಸೇನಸಾಬರು ಕಿಕ್ಕಿನ ಮೇಲೆ ಕಾಲಿಟ್ಟರು. ಅದು ಇಳಿಯಲಿಲ್ಲ. ಎರಡೂ ಕಾಲಿಟ್ಟು ನಿಂತರು. ಕಟ್ಟೆಯ ಮೇಲೆ ನಿಂತ ಹಾಗೆ ನಿಂತರು. ಚನ್ನಪ್ಪ, ಪಿಸ್ಟನ್ನನ್ನು ಬಿಗಿಯಾಗಿ ಕೂಡಿಸಿರಬೇಕು, ಶಿವಪುತ್ರನಿಗೆ ಜಿನ್ನಿನ ಕೆಲಸ ಬರುತ್ತಿತ್ತು, ಇದು ಬರುತ್ತಿರಲಿಲ್ಲ, ತಾನು ಆಗಲೇ ಹೇಳಿದ್ದೆ ಎಂದ. ಬಾಗಿಲಲ್ಲಿ ನಿಂತಿದ್ದ ವೈನಿ ಸೆರಗು ಸರಿಮಾಡಿಕೊಂಡು ಒಳಗೆ ಹೊರಟರು.

ಹುಸೇನಸಾಬರು ಪ್ಲಗ್ಗು ಬಿಚ್ಚಿ ಬೆರಳು ಹಾಕಿದರು, ಮೂಸಿದರು, ನನ್ನ ಕಡೆ ನೋಡಿದರು. ಹತ್ತಿರ ಬಂದು ದನಿ ತಗ್ಗಿಸಿ, "ಮಾಸ್ತರ, ಕುಸುಬಿ ಎಣ್ಣಿ ಒಣಗಿದ್ರ ಗೋಂದ ಆಗತೈತ್ರಿ. ಪಿಸ್ಟನ್ ಹಿಡಕೊಂಡೈತಿ. ಔಡಲೆಣ್ಣಿ ಆಗಿದ್ರ ನಡೀತಿತ್ತು. ವರ್ಷ ನಿಂತದ್ದಕ್ಕ ಜಾಮ್ ಆಗೇತಿ ಅಂತ ನಾ ಹೇಳ್ತೇನಿ, ನೀವು ಸುಮ್ಮಿರ್ರಿ" ಎಂದರು.

ಎಣ್ಣೆ ಗಡಿಗೆಯ ಕಂಠದಲ್ಲಿ ಇಳಿದ ಎಣ್ಣೆ ಒಣಗಿ ಅಂಟಾಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದವನು. ಚಿಕ್ಕವರಿದ್ದಾಗ ಅಣ್ಣನೂ ನಾನೂ ಅದನ್ನು ಉಗುರಿನಿಂದ ಕೆರೆದು ಉಂಡೆ ಮಾಡುತ್ತಿದ್ದೆವು. ಮಕ್ಕಳಿಗೆ ಸುತ್ತಲಿನದನ್ನು ಕಣ್ಣು ಬಿಟ್ಟು ನೋಡಿ ಎಂದು ಹೇಳುವ ಮಾಸ್ತರ ನಾನು.

ಸುಮ್ಮನಿರಬಹುದಿತ್ತು. ನನ್ನ ಮಾನ ಉಳಿಯುತ್ತಿತ್ತು. ಅಣ್ಣನ ಪಿಸ್ಟನ್ ಮಾತ್ರ ಆ ಓಣಿಯ ಬಾಯಲ್ಲಿ ಕೊನೆಯವರೆಗೂ ಬಿಗಿಯಾಗಿಯೇ ಇರುತ್ತಿತ್ತು. ವೈನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: ಅಣ್ಣನ ಕೆಲಸದಲ್ಲಿ ತಪ್ಪಿಲ್ಲ, ಕೆಡಿಸಿದವನು ನಾನು, ಪ್ರತಿ ಸೋಮವಾರ ಅಡುಗೆಮನೆಯ ಎಣ್ಣೆ ತಂದು ಇದರೊಳಗೆ ಸುರಿದಿದ್ದೇನೆ.

ಎದುರು ಬಾಗಿಲಿನಿಂದ ಗಂಗವ್ವನ ದನಿ ಬಂತು. "ಹಂಗಾದ್ರ ಆ ಎಣ್ಣಿ ನೀವ ತಗೊಂಡ್ರೇನ್ರಿ ಮಾಸ್ತರ? ಎಂಟ ತಿಂಗಳಾತು, ನಿಮ್ಮ ಮನ್ಯಾಗ ನನಗ ಮಜ್ಜಿಗಿ ಹಾಕಿಲ್ಲ." ನನ್ನ ಹೆಂಡತಿ, ಇಷ್ಟು ವರ್ಷದಲ್ಲಿ ನಾನು ತನ್ನ ತಲೆಗೆ ಒಂದು ಹನಿ ಎಣ್ಣೆ ಒತ್ತಿದವನಲ್ಲ ಎಂದು ಅಲ್ಲಿದ್ದವರಿಗೆಲ್ಲ ತಿಳಿಸಿದಳು. ವೈನಿ ಒಳಗಿನಿಂದ ಬಂದರು. ಅವರ ಕೈಯಲ್ಲಿ ಮಜ್ಜಿಗೆಯ ತಂಬಿಗೆ ಇತ್ತು. ನನ್ನ ಮುಖ ನೋಡದೆ ನೇರವಾಗಿ ಎದುರು ಮನೆಗೆ ನಡೆದರು.

ಹುಸೇನಸಾಬರು ಎಂಜಿನ್ನಿನ ನೆತ್ತಿಯಿಂದ ಸೀಮೆಎಣ್ಣೆ ತುಂಬಿ ನಾಲ್ಕು ದಿನ ನೆನೆಹಾಕಿದರು. ಐದನೆಯ ದಿನ ಅದನ್ನೆಲ್ಲ ತೆಗೆದು, ಸರಿಯಾದ ಎಣ್ಣೆ ಹಾಕಿ ಒದ್ದರು. ಏಳನೆಯ ಒದೆತಕ್ಕೆ ಗಾಡಿ ಕೆಮ್ಮಿತು, ಮತ್ತೊಂದಕ್ಕೆ ಹತ್ತಿಕೊಂಡಿತು. ನಾಲ್ಕು ತಾಲೂಕುಗಳು ಒಂದೇ ದನಿಯಲ್ಲಿ ಮಾತಾಡಿದವು. ಒಳಗೆ ಉಳಿದಿದ್ದ ಕುಸುಬಿ ಎಣ್ಣೆ ಸುಟ್ಟು ಹೊಗೆಯೆದ್ದು, ಓಣಿಯ ತುಂಬ ಭಜಿ ಕರಿದ ವಾಸನೆ ಹರಡಿತು. ಚನ್ನಪ್ಪ ಕಟ್ಟೆಯಿಂದ ಎದ್ದು ನಿಂತ. ಅಣ್ಣ ಹೇಳಿದ್ದು ಅಷ್ಟರ ಮಟ್ಟಿಗೆ ನಿಜವಾಯಿತು.

ವೈನಿ ಬಂದು, ಅಣ್ಣ ಬಡಿದು ಮಾಡಿದ ಟಾಕಿಯ ಮೇಲೆ ಕೈಯಿಟ್ಟರು. "ಬರೊಬ್ಬರಿ ಮಾಡಿದ್ರಲ್ಲ ಅವರು" ಎಂದರು. ಕೈ ತೆಗೆಯದೆಯೇ, "ಗುಜರಿಯವಗ ಬ್ಯಾಡ" ಎಂದರು.

ಈಗ ಪ್ರತಿ ಸೋಮವಾರ ಹುಸೇನಸಾಬರು ಬಂದು ಗಾಡಿ ಚಾಲೂ ಮಾಡುತ್ತಾರೆ. ವೈನಿ ಗುಡಿಗೆ ಹೋಗುವುದನ್ನು ಸ್ವಲ್ಪ ತಡಮಾಡಿ, ಬಾಗಿಲಲ್ಲಿ ನಿಂತು ಕೇಳುತ್ತಾರೆ. ಸೈಕಲ್ಲೂ ಬಾರದ ನಾನು ಸ್ಟ್ಯಾಂಡು ಹಾಕಿದ ಗಾಡಿಯ ಜೀನಿನ ಮೇಲೆ ಹ್ಯಾಂಡಲ್ ಹಿಡಿದು ಕೂತಿರುತ್ತೇನೆ. ಎಣ್ಣೆಯ ಸುದ್ದಿಯನ್ನು ವೈನಿ ಮತ್ತೆ ಎತ್ತಿಲ್ಲ. ಆದರೆ ಮೊನ್ನೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ನೋಡಿದೆ: ಗಡಿಗೆಯ ಹೊಟ್ಟೆಯ ಮೇಲೆ, ಎಣ್ಣೆ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಸರಿಯಾಗಿ ಒಂದು ಬಿಳಿ ಗೆರೆ. ಗೆರೆ ಎಳೆದ ಸೀಮೆಸುಣ್ಣ, ನಾನು ಶಾಲೆಯಿಂದ ತಂದಿಟ್ಟದ್ದು.